386 ಬೋರ್ಡಿಗೆ ನಾನೇ ಕಟ್ಟಿದ ಕ್ಲಾಕ್

386 ಬೋರ್ಡನ್ನು ಓವರ್‌ಕ್ಲಾಕ್ ಮಾಡೋದು, ಅಂದರೆ ಹಳೆಯ ಕಾಲದ 386 ಪ್ರೊಸೆಸರ್ ಇರುವ ಮದರ್‌ಬೋರ್ಡನ್ನು ಅದರ ವೇಗಕ್ಕಿಂತ ಜಾಸ್ತಿ ಓಡಿಸೋದು, ಮೇಲ್ನೋಟಕ್ಕೆ ತುಂಬಾ ಸುಲಭ. ಬೋರ್ಡಿನ ಮೇಲೆ ನಾಲ್ಕು ಕಾಲಿನ ಒಂದು ಲೋಹದ ಡಬ್ಬಿ ಕೂತಿರುತ್ತದೆ, ಅದೇ ಪ್ರೊಸೆಸರಿಗೆ ತಾಳ ಹಾಕುವ ಕ್ಲಾಕ್ ಸಿಗ್ನಲ್ ಹುಟ್ಟಿಸುವ ಆಸಿಲೇಟರ್. ಅದರ ಮೇಲೆ 50 ಮೆಗಾಹರ್ಟ್ಸ್ ಅಂತ ಇದ್ದರೆ ಪ್ರೊಸೆಸರ್ ಓಡುವುದು 25ರಲ್ಲಿ. ಯಾಕೆಂದರೆ 386 ತನ್ನ ವೇಗದ ಎರಡರಷ್ಟು ಕ್ಲಾಕನ್ನು ಸಿಎಲ್‌ಕೆ2 ಪಿನ್ನಿನಲ್ಲಿ ಕೇಳುತ್ತದೆ, ಒಳಗೆ ಅದನ್ನು ಅರ್ಧ ಮಾಡಿಕೊಳ್ಳುತ್ತದೆ. ಡಬ್ಬಿ ಕಿತ್ತು 66ರದ್ದು ಹಾಕಿದರೆ 33 ಸಿಗುತ್ತದೆ.

ಆದರೆ ಹೀಗೆ ಮಾಡಿದರೆ ನಡುವಿನ ವೇಗಗಳು ಸಿಗಲ್ಲ. ನನಗೆ ಬೋರ್ಡು ಎಷ್ಟು ಓಡುತ್ತದೆ ಅನ್ನುವುದಕ್ಕಿಂತ ಮೊದಲು ಕೈಕೊಡುವುದು ಯಾವುದು ಅನ್ನುವುದರ ಮೇಲೆ ಕುತೂಹಲ ಜಾಸ್ತಿ. ಅದಕ್ಕೆ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಹಾಗಾಗಿ ಡಬ್ಬಿಯ ಜಾಗಕ್ಕೆ ಕೇಳಿದ ವೇಗದ ಕ್ಲಾಕ್ ಹುಟ್ಟಿಸಿಕೊಡುವ ಎಸ್‌ಐ5351 ಚಿಪ್ ತಂದೆ.

ಈ ಚಿಪ್ 25 ಮೆಗಾಹರ್ಟ್ಸ್ ಕ್ರಿಸ್ಟಲ್ಲಿನಿಂದ ಶುರು ಮಾಡಿ, ಒಳಗಿನ, ವೇಗವನ್ನು ಗುಣಿಸುವ ಪಿಎಲ್ಎಲ್‌ನಲ್ಲಿ ಅದನ್ನು 600ರಿಂದ 900 ಮೆಗಾಹರ್ಟ್ಸ್ ತನಕ ಏರಿಸಿ, ಮತ್ತೆ ಭಾಗಿಸಿ ಹೊರಗೆ ಕೊಡುತ್ತದೆ. ಚಿಕ್ಕದೊಂದು ಮೈಕ್ರೋಕಂಟ್ರೋಲರ್ ಅದಕ್ಕೆ ಲೆಕ್ಕ ಹೇಳಿಕೊಡುತ್ತದೆ. ಯಾವ ಸಂಖ್ಯೆ ಬೇಕಾದರೂ ಕೇಳಬಹುದು, ಆದರೆ ನಾನು ಪೂರ್ಣಾಂಕಗಳಿಗೇ ಅಂಟಿಕೊಂಡೆ. 25ನ್ನು 28ರಿಂದ ಗುಣಿಸಿ 10ರಿಂದ ಭಾಗಿಸಿದರೆ 70. 24ರಿಂದ ಗುಣಿಸಿ 8ರಿಂದ ಭಾಗಿಸಿದರೆ 75. 32ರಿಂದ ಗುಣಿಸಿ 10ರಿಂದ ಭಾಗಿಸಿದರೆ 80. ಭಾಗಿಸುವ ಸಂಖ್ಯೆ ಸಮಸಂಖ್ಯೆಯಾಗಿದ್ದರೆ ಜಿಟರ್ ಕಮ್ಮಿ. ಜಿಟರ್ ಅಂದರೆ ಕ್ಲಾಕಿನ ಅಂಚು (ಸಿಗ್ನಲ್ ಏರುವ ಇಲ್ಲವೇ ಇಳಿಯುವ ಗಳಿಗೆ) ಬರಬೇಕಾದ ಹೊತ್ತಿಗಿಂತ ಚೂರು ಹಿಂದೆ ಮುಂದೆ ಬರುವುದು. ಅಂಚು ಬೇಗ ಬಂದರೆ ಆ ಒಂದು ಸುತ್ತಿನ ಮಟ್ಟಿಗೆ ಪ್ರೊಸೆಸರನ್ನು ಇನ್ನೂ ಜಾಸ್ತಿ ಓಡಿಸಿದ ಹಾಗೇ ಅಲ್ವಾ?

ನಿಜವಾದ ಕೆಲಸ ಇರುವುದು ಚಿಪ್ಪಿನಿಂದ ಹೊರಗೆ. ಎಸ್‌ಐ5351 ಕೊಡುವುದು 3.3 ವೋಲ್ಟಿನ ಸಿಗ್ನಲ್. 386ರ ಬೇರೆ ಪಿನ್‌ಗಳಿಗೆ 2 ವೋಲ್ಟ್ ಬಂದರೆ ಸಾಕು, ಅದನ್ನು ಒಂದು ಅಂತ ಓದುತ್ತವೆ. ಸಿಎಲ್‌ಕೆ2 ಮಾತ್ರ ಹಾಗಲ್ಲ, ಅದಕ್ಕೆ ಕನಿಷ್ಠ 3.7 ವೋಲ್ಟ್ ಬೇಕು. ಡೇಟಾಶೀಟಿನಲ್ಲಿ ಇದು ಬೇರೆಯೇ ಸಾಲಿನಲ್ಲಿದೆ, ಅವಸರದಲ್ಲಿ ಓದುವವರಿಗೆ ಕಾಣುವುದಿಲ್ಲ. ನಡುವೆ 5 ವೋಲ್ಟಿನಲ್ಲಿ ಓಡುವ ಇನ್ವರ್ಟರ್ ಚಿಪ್ 74ಎಸಿಟಿ04 ಹಾಕಿದೆ. ಅದು 3.3ನ್ನು ಆರಾಮಾಗಿ ಒಪ್ಪಿಕೊಂಡು ಪೂರ್ತಿ 5 ವೋಲ್ಟ್ ಕೊಡುತ್ತದೆ. ಇದರ ಅಂಚುಗಳು ಬಹಳ ಚೂಪು. ಸುಮ್ನೆ ಒಂದು ತಂತಿ ಎಳೆದು ಸಾಕೆಟ್ಟಿಗೆ ಕೊಟ್ಟರೆ ಸಿಗ್ನಲ್ ತುದಿಯಿಂದ ವಾಪಸ್ ಬಂದು ಕುಣಿಯುತ್ತದೆ, ನೆಲಮಟ್ಟಕ್ಕಿಂತ ಕೆಳಗೂ ಇಳಿಯುತ್ತದೆ. ಅದಕ್ಕೇ ಇಡೀ ಸರ್ಕ್ಯೂಟನ್ನು ಆಸಿಲೇಟರ್ ಸಾಕೆಟ್ಟಿನಲ್ಲೇ ಕೂರುವಷ್ಟು ಚಿಕ್ಕದಾಗಿ ಕಟ್ಟಿದೆ. 7ನೇ ಪಿನ್ ಗ್ರೌಂಡ್, 8 ಔಟ್‌ಪುಟ್, 14ಕ್ಕೆ 5 ವೋಲ್ಟ್. ಔಟ್‌ಪುಟ್ಟಿಗೆ ಸಾಲಾಗಿ 33 ಓಮ್ ರೆಸಿಸ್ಟರ್, ಚಿಪ್ಪಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್.

ಅಳೆಯುವುದರಲ್ಲೂ ಒಂದು ಕಿತಾಪತಿ ಇದೆ. 100 ಮೆಗಾಹರ್ಟ್ಸ್ ಆಸಿಲೋಸ್ಕೋಪಿನಲ್ಲಿ 75ರ ಚೌಕ ಅಲೆ ದುಂಡಗೆ, ಸೈನ್ ಅಲೆಯ ಹಾಗೆ ಕಾಣುತ್ತದೆ. ಚೌಕಕ್ಕೆ ಆಕಾರ ಕೊಡುವ, ಮೂರರಷ್ಟು ವೇಗದ ಅಲೆ, ಅಂದರೆ ಮೂರನೇ ಹಾರ್ಮೋನಿಕ್, ಇರುವುದು 225ರಲ್ಲಿ, ಸ್ಕೋಪು ಅದನ್ನು ನುಂಗಿಬಿಡುತ್ತದೆ. ಪ್ರೋಬಿನ ಉದ್ದನೆಯ ಗ್ರೌಂಡ್ ತಂತಿ ಇಲ್ಲದ ಕುಣಿತವನ್ನೂ ತೋರಿಸುತ್ತದೆ. ಪ್ರೋಬಿನ ತುದಿಗೇ ಸುತ್ತುವ ಪುಟ್ಟ ಸ್ಪ್ರಿಂಗ್ ಗ್ರೌಂಡ್ ಇಲ್ಲದೆ ಈ ಕೆಲಸ ಆಗುವುದಿಲ್ಲ.

ಎಸ್‌ಐ5351ಗೆ ಲೆಕ್ಕ ಹೇಳಿಕೊಡುವ ತನಕ ಕ್ಲಾಕೇ ಇರುವುದಿಲ್ಲ, ವೇಗ ಬದಲಿಸುವಾಗಲೂ ಒಂದೆರಡು ಮುರುಕು ಅಂಚುಗಳು ಹೊರಬರುತ್ತವೆ. ಹಾಗಾಗಿ ರಿಸೆಟ್ ಬಟನ್ನಿನ ಎರಡು ಪಿನ್‌ಗಳಿಗೆ ಒಂದು ಟ್ರಾನ್ಸಿಸ್ಟರ್ ಕೊಟ್ಟಿದ್ದೇನೆ. ಮೈಕ್ರೋಕಂಟ್ರೋಲರ್ ಮೊದಲು ಬೋರ್ಡನ್ನು ರಿಸೆಟ್ಟಿನಲ್ಲಿ ಹಿಡಿದು, ಕ್ಲಾಕ್ ನೆಟ್ಟಗಾದ ಮೇಲೆ ಬಿಡುತ್ತದೆ.

ಇನ್ನು ಈ ಕ್ಲಾಕನ್ನೇ ನಂಬಿಕೊಂಡಿರುವ ಉಳಿದ ಭಾಗಗಳು. ನನ್ನ ಬೋರ್ಡಿನಲ್ಲಿ ಡಿಸ್ಕ್ ಕಂಟ್ರೋಲರಿನಂಥ ಕಾರ್ಡುಗಳು ಕೂರುವ ಐಎಸ್ಎ ಬಸ್ಸಿನ ಕ್ಲಾಕ್ ಇದರಿಂದಲೇ ಹುಟ್ಟುತ್ತದೆ. 50ನ್ನು 6ರಿಂದ ಭಾಗಿಸಿದರೆ 8.33, ಸರಿ. 75ಕ್ಕೆ ಏರಿಸಿ ಭಾಗಿಸುವ ಸಂಖ್ಯೆಯನ್ನು ಹಾಗೇ ಬಿಟ್ಟರೆ 12.5 ಆಗುತ್ತದೆ. ಡಿಸ್ಕ್ ಕಂಟ್ರೋಲರ್ ಅಲ್ಲಿ ಏನು ಬರೆಯುತ್ತದೋ ದೇವರೇ ಬಲ್ಲ. ಬಯಾಸ್‌ನಲ್ಲಿ ಭಾಗಿಸುವ ಸಂಖ್ಯೆಯನ್ನು 8 ಅಥವಾ 10 ಮಾಡಿಕೊಳ್ಳಬೇಕು. ಮುಂದೆ 1998ರಲ್ಲಿ ಇಂಟೆಲ್ಲಿನ ಸೆಲೆರಾನ್ 300ಎ ಪ್ರೊಸೆಸರನ್ನು 66ರ ಬಸ್ಸಿನಿಂದ 100ಕ್ಕೆ ಏರಿಸಿ 450 ಮಾಡಿದವರು ನೆಮ್ಮದಿಯಾಗಿ ಇದ್ದದ್ದೂ ಐಎಸ್ಎ ನಂತರ ಬಂದ ಪಿಸಿಐ ಬಸ್ಸಿನ ಭಾಗಾಕಾರ 2ರಿಂದ 3 ಆಗಿ ಮತ್ತೆ 33ಕ್ಕೇ ಬಂದು ನಿಲ್ಲುತ್ತಿದ್ದರಿಂದ.

ಗಡಿಯಾರ ಮಾತ್ರ ಕೆಡುವುದಿಲ್ಲ. ಟೈಮರಿಗೆ 14.31818 ಮೆಗಾಹರ್ಟ್ಸ್‌ನ ಬೇರೆಯೇ ಕ್ರಿಸ್ಟಲ್ ಇದೆ. ಅದನ್ನು 12ರಿಂದ ಭಾಗಿಸಿ ಬರುವ 1.193 ಮೆಗಾಹರ್ಟ್ಸ್‌ನಲ್ಲಿ ಡಾಸ್‌ನ ಸಮಯವೂ ನಡೆಯುತ್ತದೆ, ಮೆಮರಿ ರಿಫ್ರೆಶ್ ಕೂಡ. ಹಾಗಾಗಿ ಬೆಂಚ್‌ಮಾರ್ಕ್ ತೋರಿಸುವ ಅಂಕಿಗಳನ್ನು ನಂಬಬಹುದು.

ಕ್ಲಾಕ್ 70ರ ತನಕ ತಕರಾರಿಲ್ಲದೆ ಓಡಿತು. 75ರಲ್ಲಿ ಬೂಟ್ ಆಗುತ್ತಿತ್ತು, ಆದರೆ ದೊಡ್ಡ ಕಡತ ಬಿಚ್ಚಿದರೆ ಮಾಹಿತಿ ಕೆಟ್ಟಿಲ್ಲವೇ ಎಂದು ತೋರಿಸುವ ಸಿಆರ್‌ಸಿ ತಪ್ಪುತ್ತಿತ್ತು. ಪ್ರೊಸೆಸರಿಗೆ ಫ್ಯಾನ್ ಇಟ್ಟು ನೋಡಿದೆ, ಏನೂ ಬದಲಾಗಲಿಲ್ಲ. ಕ್ಯಾಶನ್ನು, ಅಂದರೆ ಪ್ರೊಸೆಸರಿನ ಪಕ್ಕದ ಚಿಕ್ಕ ವೇಗದ ಮೆಮರಿಯನ್ನು, ಆಫ್ ಮಾಡಿದೆ, ತಪ್ಪುಗಳು ನಿಂತವು. 75ರ ಅರ್ಧವಾದ 37.5 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 26.7 ನ್ಯಾನೋಸೆಕೆಂಡ್ ಮಾತ್ರ. ಸೋತಿದ್ದು ಕ್ಯಾಶಿನಲ್ಲಿ ಯಾವ ವಿಳಾಸದ ಮಾಹಿತಿ ಇದೆ ಎಂದು ನೆನಪಿಡುವ ಟ್ಯಾಗ್ ರ‍್ಯಾಮ್. ಸಾಕೆಟ್ಟಿನಲ್ಲಿದ್ದ 25 ನ್ಯಾನೋಸೆಕೆಂಡಿನ ಚಿಪ್ ತೆಗೆದು 15ರದ್ದು ಹಾಕಿದೆ, ಕ್ಯಾಶ್ ಆನ್ ಇದ್ದರೂ ಸಿಆರ್‌ಸಿ ಸರಿಬಂತು. 80ರಲ್ಲಿ ಮಾತ್ರ ಪ್ರೊಸೆಸರೇ ಸುಸ್ತಾಯಿತು. ಅಲ್ಲಿ ಫ್ಯಾನ್ ಇಟ್ಟರೆ ಸ್ವಲ್ಪ ಹೊತ್ತು ಜಾಸ್ತಿ ಓಡಿ ಆಮೇಲೆ ನಿಲ್ಲುತ್ತದೆ.

ಇದೇ ಸರ್ಕ್ಯೂಟನ್ನು 386ರ ನಂತರ ಬಂದ 486 ಪ್ರೊಸೆಸರಿಗೆ ಹಾಕುವವರು ಎರಡು ವಿಷಯ ನೋಡಿಕೊಳ್ಳಿ. ಅದು ಎರಡರಷ್ಟು ಕ್ಲಾಕ್ ಕೇಳುವುದಿಲ್ಲ, 33 ಬೇಕಾದರೆ 33ನ್ನೇ ಕೊಡಬೇಕು. ಅದರೊಳಗೆ ಅದರದ್ದೇ ಪಿಎಲ್ಎಲ್ ಇರುವುದರಿಂದ ಕ್ಲಾಕ್ ಸ್ಥಿರವಾದ ಮೇಲೂ ಕನಿಷ್ಠ 1 ಮಿಲಿಸೆಕೆಂಡ್ ರಿಸೆಟ್ ಹಿಡಿದಿರಬೇಕು.