‘ಅನರ್ಹ’ರನ್ನು ಇಂಗ್ಲಿಷಿಗೆ ದಾಟಿಸಲು ಹೋಗಿ

2019ರ ಜುಲೈ ಕೊನೆ. ಮೈತ್ರಿ ಸರ್ಕಾರ ಆಗಷ್ಟೇ ಬಿದ್ದಿತ್ತು. ನಾನು ಕನ್ನಡ ಸುದ್ದಿಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಸ್ಪೀಕರ್ ರಮೇಶ್ ಕುಮಾರ್ 25ರಂದು ಮೂವರು ಶಾಸಕರನ್ನು ಅನರ್ಹಗೊಳಿಸಿದರು, 28ರಂದು ಇನ್ನೂ 14 ಜನರನ್ನು. ಒಟ್ಟು 17. ವಿಧಾನಸಭೆಯ ಅವಧಿ ಮುಗಿಯುವ 2023ರವರೆಗೆ ಅವರು ಸ್ಪರ್ಧಿಸುವ ಹಾಗಿಲ್ಲ ಅಂತ ಆದೇಶ.

ನಾನು ‘ಡಿಸ್‌ಕ್ವಾಲಿಫೈಡ್ ಟು ಕಂಟೆಸ್ಟ್’ ಅಂತ ಬರೆದು ಕೊಟ್ಟೆ. ಡೆಸ್ಕಿನ ಹಿರಿಯರು ‘ಟು ಕಂಟೆಸ್ಟ್’ ಹೊಡೆದುಹಾಕಿ ‘ಫ್ರಮ್ ಕಂಟೆಸ್ಟಿಂಗ್’ ಅಂತ ತಿದ್ದಿದರು.

“ಸರ್, ಎಲಿಜಿಬಲ್ ಟು ಕಂಟೆಸ್ಟ್ ಅಂತೀವಲ್ಲ?”

“ಅಂತೀವಿ. ಇನೆಲಿಜಿಬಲ್ ಟು ಅಂತಾನೂ ಅಂತೀವಿ. ಇದು ಹಾಗಲ್ಲ ಕಣಮ್ಮ, ಇದು ಹೊರಗೆ ಹಾಕೋದು. ಎಲ್ಲಿಂದ ಹಾಕಿದ್ರು, ಅದನ್ನ ಹೇಳು.”

ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು. ನಾವು ‘ಹುದ್ದೆಗೆ ಅನರ್ಹ’, ‘ಸ್ಪರ್ಧಿಸಲು ಅನರ್ಹ’ ಅನ್ನುತ್ತೇವೆ. ಈ ‘ಗೆ’, ‘ಲು’ ಎರಡೂ ತಲೆಯೊಳಗೆ ಸುಮ್ನೆ ‘ಟು’ ಆಗಿಬಿಡುತ್ತವೆ. ಅದಕ್ಕಿಂತ ಜಾಸ್ತಿ ತೊಡಕು ‘ಅನರ್ಹ’ ಅನ್ನುವ ಪದದಲ್ಲೇ ಇದೆ. 17 ವರ್ಷದ ಹುಡುಗನಿಗೆ ಮತ ಇಲ್ಲ. ಅವನೂ ಅನರ್ಹನೇ, ಆದರೆ ಅವನನ್ನು ಯಾರೂ ಅನರ್ಹಗೊಳಿಸಿಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿ ಅವನು ಇನೆಲಿಜಿಬಲ್. ಡಿಸ್‌ಕ್ವಾಲಿಫೈ ಅಂದರೆ ತಳ್ಳಿದ ಕೈಯೊಂದು ಇರಬೇಕು. ಸ್ಪೀಕರ್, ಅಂಪೈರ್, ಕೋರ್ಟ್, ಒಂದು ಕಾನೂನು, ಯಾವುದೋ ಒಂದು.

ಅಂದಿನಿಂದ ನನ್ನ ಲೆಕ್ಕ ಸರಳವಾಯಿತು. ಎಲ್ಲಿಂದ ಅನ್ನುವುದಕ್ಕೆ ‘ಫ್ರಮ್’, ಯಾಕೆ ಅನ್ನುವುದಕ್ಕೆ ‘ಫಾರ್’. ಒಂದು ವಾರ ಅದರಲ್ಲೇ ಬೀಗುತ್ತಿದ್ದೆ. ಆಮೇಲೆ ಸಂವಿಧಾನದ 191ನೇ ವಿಧಿ ತೆಗೆದು ನೋಡಿದೆ. ಅಲ್ಲಿರುವುದು ‘ಡಿಸ್‌ಕ್ವಾಲಿಫೈಡ್ ಫಾರ್ ಬೀಯಿಂಗ್ ಚೋಸನ್ ಆಸ್, ಆ್ಯಂಡ್ ಫಾರ್ ಬೀಯಿಂಗ್, ಎ ಮೆಂಬರ್’! ನನ್ನ ಲೆಕ್ಕದಲ್ಲಿ ಓದಿದರೆ, ಆಯ್ಕೆಯಾದ ತಪ್ಪಿಗೇ ಅನರ್ಹ ಅಂತಾಗುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಇನ್ನೊಂದು ಥರ. ಅಲ್ಲಿ ‘ಫ್ರಮ್’ ಅಂದರೆ ಶಿಕ್ಷೆಗೊಳಗಾದ ದಿನದಿಂದ, ‘ಫಾರ್’ ಅಂದರೆ ಬಿಡುಗಡೆಯಾದ ಮೇಲೆ ಇನ್ನೂ 6 ವರ್ಷ. ಅದೇ ಎರಡು ಪುಟಾಣಿ ಪದ, ಕೆಲಸ ಮಾತ್ರ ಬೇರೆ. ಕಾನೂನಿನ ಸಾಲನ್ನು ಉದ್ಧರಿಸುವಾಗ ಇದ್ದ ಹಾಗೇ ಇಡುತ್ತೇನೆ, ತಿದ್ದಲು ಹೋಗುವುದಿಲ್ಲ. ನನ್ನದೇ ವಾಕ್ಯದಲ್ಲಿ ಎಲ್ಲಿಂದ, ಯಾಕೆ, ಎಷ್ಟು ದಿನ ಮೂರೂ ಬಂದರೆ ವಾಕ್ಯವನ್ನು ಎರಡು ಮಾಡುತ್ತೇನೆ.

ಹಿರಿಯರ ‘ಎಲ್ಲಿಂದ’ ನಿಜವಾಗಿ ಕೈಹಿಡಿದದ್ದು ನವೆಂಬರ್ 13ರಂದು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ 2023ರವರೆಗೆ ಅನ್ನುವುದನ್ನು ಕಿತ್ತುಹಾಕಿತು. ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಕನ್ನಡದಲ್ಲಿ ‘ಅನರ್ಹರು ಸ್ಪರ್ಧಿಸಲು ಅರ್ಹರು’ ಅಂತ ಬರೆದರೆ ತಮಾಷೆಯ ಶೀರ್ಷಿಕೆ ಆಗುತ್ತದೆ, ಓದುಗರಿಗೂ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಅದನ್ನೇ ಪದಕ್ಕೆ ಪದ ಇಟ್ಟರೆ ಗೋಜಲು. ಹೊರಬಿದ್ದದ್ದು ಎಲ್ಲಿಂದ ಅಂತ ಕೇಳಿಕೊಂಡೆ. ಆ ವಿಧಾನಸಭೆಯ ಸದಸ್ಯತ್ವದಿಂದ, ಚುನಾವಣಾ ಕಣದಿಂದಲ್ಲ. ವಾಕ್ಯ ತಾನೇ ಕೂತಿತು.

ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ. ಆ ವಾರಗಳಲ್ಲಿ ‘ಅನರ್ಹ ಶಾಸಕರು’ ಅನ್ನುವುದಕ್ಕೆ ಕನ್ನಡದಲ್ಲಿ ಬೇರೆಯೇ ಖಾರ ಬಂದಿತ್ತು. ಯೋಗ್ಯತೆ ಇಲ್ಲದವರು ಅನ್ನುವ ಧ್ವನಿ ಅದರಲ್ಲಿ ಅಡಗಿದೆ, ಅಲ್ವಾ? ಡಿಸ್‌ಕ್ವಾಲಿಫೈಡ್‌ನಲ್ಲಿ ಆ ಚುಚ್ಚು ಇಲ್ಲ, ಅದು ಬರೀ ತೀರ್ಪು. ಅದಕ್ಕೆ ಯಾರಾದರೂ ‘ಅವರು ಅನರ್ಹರೇ ಬಿಡ್ರೀ’ ಅಂತ ಮಾತಾಡಿದ್ದರೆ ‘ಅನ್‌ವರ್ದಿ’ ಹಾಕಬೇಕೋ ಬೇಡವೋ ಅಂತ ವರದಿಗಾರರಿಗೆ ಫೋನ್ ಮಾಡಿ ಕೇಳುತ್ತಿದ್ದೆ.

2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ಕುಸ್ತಿಯ ಬೆಳಗ್ಗೆ 50 ಕೆ.ಜಿ.ಗಿಂತ 100 ಗ್ರಾಂ ಜಾಸ್ತಿ ತೂಗಿದಾಗ, ಒಬ್ಬ ಟ್ರೈನಿ ‘ಫೇಲ್ಡ್ ಟು ಕ್ವಾಲಿಫೈ’ ಅಂತ ಬರೆದುಕೊಟ್ಟಿದ್ದ. ಹಿಂದಿನ ದಿನ ಮೂರು ಕುಸ್ತಿ ಗೆದ್ದು ಫೈನಲ್‌ಗೆ ಬಂದವಳಿಗೆ ಅದು ಅನ್ಯಾಯ. ಅವಳು ಕ್ವಾಲಿಫೈ ಆಗಿದ್ದಳು, ಅದಕ್ಕೇ ಡಿಸ್‌ಕ್ವಾಲಿಫೈ ಮಾಡಬೇಕಾಗಿ ಬಂತು.

ಒಂದು ಬಳಕೆ ಮಾತ್ರ ನನಗಿನ್ನೂ ಸಲೀಸಾಗಿಲ್ಲ. ನೌಕರಿ ಜಾಹೀರಾತಿನ ಕೊನೆಯಲ್ಲಿ ‘ಕ್ಯಾನ್ವಾಸಿಂಗ್ ಇನ್ ಎನಿ ಫಾರ್ಮ್ ವಿಲ್ ಡಿಸ್‌ಕ್ವಾಲಿಫೈ ದ ಕ್ಯಾಂಡಿಡೇಟ್’ ಅಂತ ಇರುತ್ತದಲ್ಲ, ಅದು. ಅಲ್ಲಿ ತಳ್ಳುವುದು ಮನುಷ್ಯನಲ್ಲ, ವಶೀಲಿಯೇ ಅಭ್ಯರ್ಥಿಯನ್ನು ಹೊರಗೆ ದಬ್ಬುತ್ತದೆ. ನಾವು ‘ವಶೀಲಿ ಹಚ್ಚಿದರೆ ಅನರ್ಹಗೊಳಿಸಲಾಗುವುದು’ ಅನ್ನುವವರು. ನಮ್ಮ ‘ರೆ’ ಬಿಟ್ಟು ಬರೆಯಲು ಮನಸ್ಸು ಬರುವುದಿಲ್ಲ. ಈಗಲೂ ಮೊದಲ ಸಲ ‘ಇಫ್’ ಹಾಕಿಯೇ ಬರೆಯುತ್ತೇನೆ, ಚಹಾ ಕುಡಿದು ಬಂದು ತೆಗೆಯುತ್ತೇನೆ.