ಎರಡು ಬಿಡ್ ಒಟ್ಟಿಗೆ ಬಂದರೆ ದೊಡ್ಡದೇ ನಿಲ್ಲುತ್ತದಾ? ತರ್ಕದಿಂದ ಖಾತ್ರಿ ಮಾಡಿಕೊಳ್ಳುವ ಬಗೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೈತರ ಲಾಟ್‌ಗೆ ರೀಲರ್‌ಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಮೊಬೈಲ್‌ನಲ್ಲೇ ಬಿಡ್ ಹಾಕುತ್ತಾರೆ. ಒಂದೇ ಲಾಟ್‌ಗೆ ಇಬ್ಬರು ಒಂದೇ ಕ್ಷಣದಲ್ಲಿ ಬಟನ್ ಒತ್ತಿದರೆ ದೊಡ್ಡ ಬೆಲೆ ನಿಲ್ಲಬೇಕು, ಅಲ್ವಾ? ಅದು ನಿಂತೇ ನಿಲ್ಲುತ್ತದೆ ಎಂದು ತರ್ಕದಿಂದ ಸಾಧಿಸುವುದು ಹೇಗೆ, ನೋಡೋಣ. ಇಲ್ಲಿನ ಪ್ರೋಗ್ರಾಂ ಉದಾಹರಣೆಗೆ ನಾನೇ ಮಾಡಿಕೊಂಡದ್ದು, ಮಾರುಕಟ್ಟೆಯ ಸಾಫ್ಟ್‌ವೇರ್ ಅಲ್ಲ. ಬಿಸಿಎ, ಬಿಇ ಓದುವ ಮಕ್ಕಳಿಗೆ ಪೆನ್ನು, ಹಾಳೆ ಇದ್ದರೆ ಸಾಕು.

ಮೊದಲು ಹೆಜ್ಜೆ ಬಿಡಿಸಿ ಬರೆಯಿರಿ

ಲಾಟ್‌ನ ಈವರೆಗಿನ ಬೆಲೆ ಇರುವ ಜಾಗಕ್ಕೆ ಬೋರ್ಡ್ ಎನ್ನೋಣ. 'ಹೊಸ ಬೆಲೆ ದೊಡ್ಡದಿದ್ದರೆ ಬೋರ್ಡ್ ಮೇಲೆ ಬರೆ.' ಓದಲು ಒಂದೇ ಸಾಲು. ಕಂಪ್ಯೂಟರ್‌ಗೆ ಇದು ಎರಡು ಕೆಲಸ. ಮೊದಲು ಬೋರ್ಡ್ ಬೆಲೆ ಓದುತ್ತದೆ. ಆಮೇಲೆ ಹೋಲಿಸಿ, ದೊಡ್ಡದಿದ್ದರೆ ಬರೆಯುತ್ತದೆ. ಈ ಎರಡರ ನಡುವೆ ಇನ್ನೊಂದು ಬಿಡ್ ನುಗ್ಗಬಹುದು.

ಬೋರ್ಡ್ ಮೇಲೆ ಕೆ.ಜಿ.ಗೆ 500 ರೂಪಾಯಿ ಇದೆ ಅನ್ನಿ. ಒಬ್ಬರದು 510, ಇನ್ನೊಬ್ಬರದು 520. ಇಬ್ಬರ ಪ್ರೋಗ್ರಾಂ ಕೂಡ 500 ಎಂದು ಓದಿತು. 520 ಮೊದಲು ಬರೆಯಿತು. 510ರ ಕೈಯಲ್ಲಿ ಇನ್ನೂ ಹಳೆಯ 500 ಇದೆ, ಅದೂ ಬರೆಯಿತು. ಬೋರ್ಡ್ ಈಗ 510. ಲಾಟ್ 50 ಕೆ.ಜಿ. ಇದ್ದರೆ ರೈತರಿಗೆ 500 ರೂಪಾಯಿ ಖೋತಾ. ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ಇಬ್ಬರ ಎರಡೆರಡು ಸೇರಿ ಈ ನಾಲ್ಕು ಹೆಜ್ಜೆಗಳು ಆರು ಕ್ರಮಗಳಲ್ಲಿ ನಡೆಯಬಹುದು. ಎಲ್ಲ ಬರೆದು ನೋಡಿ, ಎರಡರಲ್ಲಿ ಉತ್ತರ ತಪ್ಪು. ಆರಾದರೆ ಕೈಯಲ್ಲೇ ನೋಡಬಹುದು. ಇಬ್ಬರಿಗೂ ಹತ್ತತ್ತು ಹೆಜ್ಜೆ ಇದ್ದರೆ ಕ್ರಮಗಳು 1,84,756. ಹತ್ತು ಹೆಜ್ಜೆಯ ಮೂರನೆಯವರು ಸೇರಿದರೆ ಸುಮಾರು ಐದೂವರೆ ಲಕ್ಷ ಕೋಟಿ! ಸುಮ್ನೆ ಓಡಿಸಿ ಓಡಿಸಿ ಟೆಸ್ಟ್ ಮಾಡಿದರೆ ಇದು ಮುಗಿಯುವ ಮಾತಲ್ಲ.

ಯಾವಾಗಲೂ ನಿಜವಾಗಿರಬೇಕಾದ ಮಾತು

ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಗೆ. 'ಕೊನೆಗೆ ದೊಡ್ಡ ಬೆಲೆ ಉಳಿಯಬೇಕು' ಎಂದು ಬರೆದರೆ ನಡುದಾರಿಯಲ್ಲಿ ಪರೀಕ್ಷೆ ಮಾಡಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ಬಿಡ್ ಮುಗಿಸಿದ ಯಾರ ಬೆಲೆಗಿಂತಲೂ ಬೋರ್ಡ್ ಬೆಲೆ ಕಡಿಮೆ ಇಲ್ಲ. ಇದು ಪ್ರತಿ ಕ್ಷಣಕ್ಕೂ ಸಲ್ಲುವ ಮಾತು. ಇಂಥದ್ದಕ್ಕೆ ಇನ್‌ವೇರಿಯಂಟ್ ಎನ್ನುತ್ತಾರೆ.

ಈಗ ಒಂದೊಂದೇ ಹೆಜ್ಜೆ ಹಿಡಿಯಿರಿ. ಹೆಜ್ಜೆಗೆ ಮೊದಲು ಈ ಮಾತು ನಿಜವಿದ್ದರೆ, ಹೆಜ್ಜೆಯಾದ ಮೇಲೂ ನಿಜವೇ? ಲಕ್ಷ ಕೋಟಿ ಕ್ರಮಗಳ ಗೊಡವೆಯೇ ಬೇಡ, ಇರುವ ಹೆಜ್ಜೆಗಳನ್ನಷ್ಟೇ ನೋಡಿದರೆ ಸಾಕು. ಈ ವಿಧಾನದ ಶಕ್ತಿಯೆಲ್ಲ ಅಲ್ಲೇ ಇದೆ.

ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಒಂಟಿ ಪ್ರೋಗ್ರಾಂಗಳಿಗೆ ಇಂಥ ತರ್ಕದ ನಿಯಮ ಕೊಟ್ಟರು. 1976ರಲ್ಲಿ ಸೂಸನ್ ಒವಿಕಿ ಮತ್ತು ಡೇವಿಡ್ ಗ್ರೀಸ್ ಅದನ್ನು ಜೊತೆಜೊತೆಗೆ ಓಡುವ ಪ್ರೋಗ್ರಾಂಗಳಿಗೆ ಬೆಳೆಸಿದರು. ಅವರ ವಿಧಾನ ಇದು: ಪ್ರತಿ ಹೆಜ್ಜೆಯ ನಂತರ ನಿಮಗೆ ಏನು ಗೊತ್ತು ಎಂದು ಬರೆಯಿರಿ. ಬೇರೆಯವರ ಯಾವುದಾದರೂ ಹೆಜ್ಜೆ ಅದನ್ನು ಕೆಡಿಸುತ್ತದಾ ಎಂದು ಕೇಳಿ. 510ರವರು ಓದಿದ ಮೇಲೆ 'ನಾನು ಓದಿದ್ದೇ ಬೋರ್ಡ್ ಮೇಲಿದೆ' ಎಂದು ನಂಬಿದ್ದಾರೆ. 520ರ ಬರವಣಿಗೆ ಆ ನಂಬಿಕೆಯನ್ನು ಕೆಡಿಸುತ್ತದೆ. ಸಾಧನೆ, ಅಂದರೆ ತರ್ಕದ ಪುರಾವೆ, ಎಲ್ಲಿ ಸಿಕ್ಕಿಹಾಕಿಕೊಂಡಿತೋ ತಪ್ಪೂ ಅಲ್ಲೇ ಇದೆ.

ಸರಿಪಡಿಸಿ, ಮತ್ತೆ ಸಾಧಿಸಿ

ಬರೆಯುವ ಹೆಜ್ಜೆಯನ್ನು ಬದಲಿಸಿ: ಬೋರ್ಡ್ ಮೇಲೆ ನಾನು ಓದಿದ್ದೇ ಇದ್ದರೆ ಮಾತ್ರ ಬರೆ, ಇಲ್ಲದಿದ್ದರೆ ಮತ್ತೆ ಓದು. ಹೋಲಿಸಿ ಬರೆಯುವುದನ್ನು ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಮಾಡುವ ಆದೇಶ ಇಂದಿನ ಪ್ರೊಸೆಸರ್‌ಗಳಲ್ಲಿದೆ. ಅದರ ಹೆಸರು ಕಂಪೇರ್ ಅಂಡ್ ಸ್ವಾಪ್.

ಬರೆದಾಗಲೆಲ್ಲ ಬೆಲೆ ಏರಿಯೇ ಇರುತ್ತದೆ, ಹಾಗಾಗಿ ಮೊದಲು ಮುಗಿಸಿದವರ ಮಾತು ಕೆಡುವುದಿಲ್ಲ. ಬರೆಯದೆ ಮುಗಿಸಿದವರ ಕಥೆ? ಅವರು ಓದಿದ ಬೆಲೆ ಅವರದಕ್ಕಿಂತ ಕಡಿಮೆ ಇರಲಿಲ್ಲ. ಅಲ್ಲಿಂದಾಚೆಗೆ ಬೋರ್ಡ್ ಇಳಿಯುವುದೂ ಇಲ್ಲ. 'ಬೋರ್ಡ್ ಎಂದೂ ಇಳಿಯುವುದಿಲ್ಲ' ಎಂಬ ಎರಡನೇ ಮಾತು ಇಲ್ಲಿ ಬೇಕೇ ಬೇಕು. ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ಉತ್ತರ ಬಂದೇ ಬರುತ್ತದಾ?

ಏನೂ ಮಾಡದೆ ಕೂತ ಪ್ರೋಗ್ರಾಂ ಕೂಡ ಮೇಲಿನ ಪರೀಕ್ಷೆ ಪಾಸಾಗುತ್ತದೆ. ಅದಕ್ಕೇ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1977ರಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿದರು: ಕೆಟ್ಟದ್ದು ಎಂದೂ ಆಗದು, ಒಳ್ಳೆಯದು ಒಂದಲ್ಲ ಒಂದು ಹೊತ್ತಿಗೆ ಆಗುತ್ತದೆ. ಅದೇ ವರ್ಷ ಅಮಿರ್ ಪ್ನುಯೆಲಿ 'ಯಾವಾಗಲೂ', 'ಒಂದಲ್ಲ ಒಂದು ಹೊತ್ತಿಗೆ' ಎಂಬ ಕಾಲದ ತರ್ಕವನ್ನು ಪ್ರೋಗ್ರಾಂಗಳಿಗೆ ತಂದರು. 1996ರಲ್ಲಿ ಪ್ನುಯೆಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ನಮ್ಮ ಹರಾಜಿನಲ್ಲಿ ಒಬ್ಬರು ಮತ್ತೆ ಓದಬೇಕಾದರೆ, ಇನ್ನೊಬ್ಬರ ಬಿಡ್ ಗೆದ್ದಿದೆ ಎಂದೇ ಅರ್ಥ. ಬಿಡ್‌ಗಳು ಎಣಿಕೆಗೆ ಸಿಗುವಷ್ಟೇ ಇದ್ದರೆ ಸೋಲುಗಳೂ ಅಷ್ಟರೊಳಗೇ. ಎಲ್ಲರ ಪ್ರೋಗ್ರಾಂಗೂ ಓಡುವ ಸರದಿ ಬರುತ್ತದೆ ಎಂದಿಟ್ಟುಕೊಂಡರೆ ಎಲ್ಲರಿಗೂ ಉತ್ತರ ಸಿಗುತ್ತದೆ.

ಕೈಲೆಕ್ಕವನ್ನು ಯಂತ್ರದಲ್ಲೂ ನೋಡಿಕೊಳ್ಳಿ. ಪ್ರೋಗ್ರಾಂನ ಹೆಜ್ಜೆಗಳನ್ನು ಬರೆದು ಪರೀಕ್ಷಿಸುವ ಲ್ಯಾಂಪೋರ್ಟ್ ಅವರ ಸಾಧನ ಟಿಎಲ್‌ಎ ಪ್ಲಸ್ ಉಚಿತ. ಅಮೆಜಾನ್ ಎಂಜಿನಿಯರ್‌ಗಳು 2011ರಿಂದ ಅದನ್ನು ಬಳಸಿದ್ದಾರೆ. ಮೂವರು ರೀಲರ್, ನಾಲ್ಕು ಬೆಲೆ ಕೊಟ್ಟರೆ ಎಲ್ಲ ಸ್ಥಿತಿಗಳನ್ನೂ ತಾನೇ ಹುಡುಕಿ, ತಪ್ಪಿದ್ದರೆ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಅದರ ಖಾತ್ರಿ ನೀವು ಕೊಟ್ಟ ಅಳತೆಗೆ ಮಾತ್ರ. ಎಷ್ಟೇ ರೀಲರ್ ಬಂದರೂ ಸರಿ ಎನ್ನಲು ಮೇಲಿನ ಸಾಧನೆಯೇ ಬೇಕು.

ಇನ್ನೊಂದು ಹೆಜ್ಜೆ ನಿಮಗೆ ಬಿಟ್ಟದ್ದು. ಹರಾಜು ಮುಗಿಸುವ ಬಟನ್ ಕೂಡ ಜೊತೆಗೇ ಓಡುತ್ತಿರುತ್ತದೆ. 'ಮುಗಿದ ಮೇಲೆ ಬೆಲೆ ಬದಲಾಗದು' ಎಂಬ ಮಾತನ್ನು ಸೇರಿಸಿ. 'ಮುಗಿದಿದೆಯಾ' ಎಂದು ಮೊದಲು ನೋಡಿ, ಆಮೇಲೆ ಬೆಲೆ ಬರೆಯುವ ಪ್ರೋಗ್ರಾಂ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಹುಡುಕಿ. ಸಿಕ್ಕ ಮೇಲೆ, ಬೆಲೆ ಮತ್ತು ಮುಗಿದ ಗುರುತು ಎರಡನ್ನೂ ಒಂದೇ ಏಟಿಗೆ ಹೋಲಿಸುವಂತೆ ಬದಲಿಸಿ ಸಾಧಿಸಿ ನೋಡಿ.