ಗಡ್ಡೆ ಸಮೇತ ತಲೆಬುರುಡೆ, ಮೈಸೂರಿನ ಬಾಡಿಗೆ ಕೋಣೆಯಲ್ಲಿ: ನನ್ನ ಅನುಭವ

ಆಪರೇಷನ್‌ಗೆ ಮುನ್ನ ವೈದ್ಯರು ಕೈಯಲ್ಲಿ ಹಿಡಿದು ನೋಡಲೆಂದು, ಗಡ್ಡೆ ಬೆಳೆದ ತಲೆಬುರುಡೆಯ ಮೂರು ಆಯಾಮದ ಮಾದರಿಯನ್ನು ರೋಗಿಯ ಸ್ಕ್ಯಾನ್‌ನಿಂದಲೇ 3ಡಿ ಪ್ರಿಂಟರ್‌ನಲ್ಲಿ, ಮೈಸೂರಿನಲ್ಲೇ ಮಾಡುತ್ತೇನೆ ಎಂದಾಗ ನಮ್ಮ ವೃತ್ತಿಯವರೇ ನಂಬಲಿಲ್ಲ. ಧನ್ವಂತರಿ ರಸ್ತೆಯ ಸ್ಕ್ಯಾನ್ ಕೇಂದ್ರಗಳಲ್ಲಿರುವ ಗೆಳೆಯರು "ಆಟಿಕೆ ಮಾಡುವ ಯಂತ್ರದಲ್ಲಿ ಬುರುಡೆ ಬರುತ್ತದೆಯೇ?" ಎಂದರು. ಒಬ್ಬ ಹಿರಿಯ ಶಸ್ತ್ರಚಿಕಿತ್ಸಕರು "ಇಷ್ಟು ವರ್ಷ ಫಿಲ್ಮ್ ನೋಡಿಯೇ ತಲೆ ತೆರೆದಿದ್ದೇನಪ್ಪಾ" ಎಂದು ಸಾಗಹಾಕಿದರು. ಈಗ ಆಪರೇಷನ್ ದಿನ ಗೊತ್ತಾದ ಕೂಡಲೇ ಅವರೇ ಫೋನ್ ಮಾಡಿ ಮಾದರಿ ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆ.

ಎಲ್ಲರೂ ವಿಚಾರಿಸುವುದು ಪ್ರಿಂಟರ್ ಬಗ್ಗೆ. ಆದರೆ ಬುರುಡೆ ನೆಟ್ಟಗೆ ಬರುತ್ತದೋ ಕೆಡುತ್ತದೋ ಎಂಬುದು ಸಿ.ಟಿ. ಸ್ಕ್ಯಾನ್ ಯಂತ್ರವನ್ನು ನಡೆಸುವ ಕಂಪ್ಯೂಟರಿನ ಮುಂದೆಯೇ ತೀರ್ಮಾನವಾಗಿರುತ್ತದೆ. ಸ್ಕ್ಯಾನ್ ತಲೆಯನ್ನು ಪದರ ಪದರವಾಗಿ (ಸ್ಲೈಸ್) ತೋರಿಸುತ್ತದೆ. ಮಾಮೂಲಿ 5 ಮಿ.ಮೀ. ದಪ್ಪದ ಸ್ಲೈಸ್ ಕೊಟ್ಟರೆ ಮಾದರಿಯ ಮೇಲೆಲ್ಲ ಮೆಟ್ಟಿಲಿನಂಥ ಗೆರೆಗಳು. 0.625 ಅಥವಾ ಹೆಚ್ಚೆಂದರೆ 1 ಮಿ.ಮೀ. ಬೇಕು. ತೆಳು ಸ್ಲೈಸನ್ನು ಆಮೇಲೆ ತೆಗೆಸೋಣ ಎಂದು ಕಾದರೆ ಯಂತ್ರದಲ್ಲಿನ ಕಚ್ಚಾ ದತ್ತಾಂಶ ಅಳಿಸಿಹೋಗಿರುತ್ತದೆ. ಆದ್ದರಿಂದ ರೋಗಿ ಮೇಜಿನ ಮೇಲೆ ಮಲಗುವ ಮೊದಲೇ ತಂತ್ರಜ್ಞರಿಗೆ ಹೇಳಿಡುತ್ತೇನೆ.

ಇನ್ನೊಂದು ಕಾಟ ಗ್ಯಾಂಟ್ರಿಯ, ಅಂದರೆ ರೋಗಿ ಒಳಹೋಗುವ ಸಿ.ಟಿ. ಬಳೆಯ, ಓರೆ. ಕಣ್ಣಿನ ಮಸೂರಕ್ಕೆ ವಿಕಿರಣ ತಾಗದಿರಲೆಂದು ಓರೆ ಮಾಡಿ ತೆಗೆಯುವ ಅಭ್ಯಾಸ ಹಲವೆಡೆ ಇದೆ. ಆ ಓರೆಯನ್ನು ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬುರುಡೆ ಜರುಗಿದ ಇಸ್ಪೀಟ್ ಕಟ್ಟಿನಂತೆ ವಾಲಿಕೊಂಡು ಬರುತ್ತದೆ. ಹಾಗೆ ಬಂದ ಎರಡು ಮೂರು ಮಾದರಿಗಳು, ಹೆಚ್ಚುಕಡಿಮೆ ಒಂದು ಕಿಲೋ ಪಿ.ಎಲ್.ಎ. ತಂತಿ (ಪ್ರಿಂಟರ್ ಕರಗಿಸಿ ಬಳಸುವ ಪ್ಲಾಸ್ಟಿಕ್ ಎಳೆ), ಕಸದ ಬುಟ್ಟಿ ಸೇರಿದವು.

ಕಣ್ಣುಗೂಡಿನ ಮೇಲ್ಛಾವಣಿಯ ಮೂಳೆ ಕಾಗದದಷ್ಟು ತೆಳು. ಥ್ರೆಶೋಲ್ಡ್, ಅಂದರೆ ಸಿ.ಟಿ.ಯಲ್ಲಿ ಎಷ್ಟು ಬೆಳ್ಳಗಿದ್ದರೆ ಮೂಳೆ ಎಂದು ತಂತ್ರಾಂಶ ಎಣಿಸಬೇಕೆಂಬ ಸಂಖ್ಯೆ, 300ರ ಆಸುಪಾಸು ಇಟ್ಟರೆ ಅಲ್ಲಿ ತೂತು ಬೀಳುತ್ತದೆ, ಇಳಿಸಿದರೆ ಚರ್ಮವೂ ಚಿತ್ರದ ಬೇಡದ ಚುಕ್ಕೆಗಳೂ ಮೂಳೆಯ ಜೊತೆ ಬರುತ್ತವೆ. ತೂತನ್ನು ಕಣ್ಣಂದಾಜಿನಲ್ಲಿ ಮುಚ್ಚುವುದು ಶಸ್ತ್ರಚಿಕಿತ್ಸಕರಿಗೆ ಸುಳ್ಳು ಹೇಳಿದಂತೆ. ಇದಕ್ಕೆ ನನ್ನದೇ ಒಂದು ದಾರಿ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇಡೀ ಬುರುಡೆಗೆ ಒಂದೇ ಸಂಖ್ಯೆ ಸಾಲದು ಎಂಬಷ್ಟು ಸುಳಿವು ಸಾಕು.

ಗಡ್ಡೆಯನ್ನು ಎಂ.ಆರ್.ಐ.ಯಿಂದ, ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟು ತೆಗೆದ 1 ಮಿ.ಮೀ. ಟಿ1 ಎಂಬ ಬಗೆಯ ಚಿತ್ರಸರಣಿಯಿಂದ ಬಿಡಿಸುತ್ತೇನೆ. ಗಟ್ಟಿ ಮೂಳೆ ಅದರಲ್ಲಿ ಕಪ್ಪು, ಆದ್ದರಿಂದ ಮೂಳೆ ತೋರಿಸುವ ಸಿ.ಟಿ.ಯನ್ನೂ ಎಂ.ಆರ್.ಐ.ಯನ್ನೂ ಉಚಿತ ತಂತ್ರಾಂಶ 3ಡಿ ಸ್ಲೈಸರ್‌ನಲ್ಲಿ ಒಂದರ ಮೇಲೊಂದು ಹೊಂದಿಸಬೇಕು. ಎರಡು ಸ್ಕ್ಯಾನ್‌ಗಳ ನಡುವೆ ಕೆಳದವಡೆ ಅಲುಗಾಡಿರುತ್ತದೆ. ಅದನ್ನು ಹೊರಗಿಟ್ಟು ಹೊಂದಿಸಿದ ದಿನದಿಂದ ನನ್ನ ಅರ್ಧ ತಲೆನೋವು ಹೋಯಿತು.

ಎಲ್ಲರ ಬಾಯಿ ಮುಚ್ಚಿಸಿದ್ದು ಸ್ಫಿನಾಯ್ಡ್ ರೆಕ್ಕೆಯ (ಕಣ್ಣುಗೂಡಿನ ಹಿಂದಿನ ಮೂಳೆಯ) ಮೆನಿಂಜಿಯೋಮ, ಅಂದರೆ ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಗಡ್ಡೆ. ಅದು ಕಣ್ಣನ್ನು ಮುಂದಕ್ಕೆ ತಳ್ಳಿತ್ತು, ಗಡ್ಡೆ ತಾಗಿದ ಮೂಳೆಯೂ ದಪ್ಪವಾಗಿತ್ತು. ಬುರುಡೆಗೆ ಬಿಳಿ, ದಪ್ಪಗಾದ ಮೂಳೆಗೆ ಹಳದಿ, ಗಡ್ಡೆಗೆ ಕೆಂಪು ಹಾಕಿದೆ. ಬಿಡಿಸಿ ನೋಡಲು ಸಣ್ಣ ಅಯಸ್ಕಾಂತ ಕೂರಿಸಿದೆ. ದೃಷ್ಟಿನರದ ಕಾಲುವೆಯ ಮೇಲೆ ಆ ಹಳದಿ ಎಷ್ಟು ದೂರ ಹಬ್ಬಿದೆ ಎಂದು ವೈದ್ಯರು ಬೆರಳಿಟ್ಟು ನೋಡಿ, ಎಲ್ಲಿಂದ ಕೊರೆಯಬೇಕೆಂದು ಅಲ್ಲೇ ಪೆನ್ನಿನಲ್ಲಿ ಗುರುತು ಹಾಕಿದರು. ತಲೆ ತೆರೆದಾಗ ಮಾದರಿಯಲ್ಲಿದ್ದಂತೆಯೇ ಇತ್ತು. ಪಿ.ಎಲ್.ಎ. 60 ಡಿಗ್ರಿಗೇ ಮೆತ್ತಗಾಗುವುದರಿಂದ ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತಗೊಳಿಸುವ 121 ಡಿಗ್ರಿಯ ಆಟೋಕ್ಲೇವ್‌ಗೆ ಹಾಕುವಂತಿಲ್ಲ. ಶುದ್ಧೀಕರಿಸಿದ ಪಾರದರ್ಶಕ ಚೀಲದೊಳಗೆ ಇಟ್ಟೇ ಆಪರೇಷನ್ ಕೋಣೆಗೆ ಕೊಂಡೊಯ್ಯುತ್ತಾರೆ.

ಹಣದ ಮಾತು. ಪ್ರಿಂಟರ್ ಸುಮಾರು ₹22,000. ಹಳೆಯ ಲ್ಯಾಪ್‌ಟಾಪ್ ನೂರಾರು ಸ್ಲೈಸ್ ತೆರೆದರೆ ನಿಂತುಬಿಡುತ್ತಿತ್ತು, ಮೆಮೊರಿ ಹೆಚ್ಚಿಸಲು ಐದಾರು ಸಾವಿರ. ಅರ್ಧ ಬುರುಡೆಗೆ ಒಂದು ದಿನ ಮೀರಿ ಯಂತ್ರ ಓಡಬೇಕು, ನಡುವೆ ಕರೆಂಟ್ ಹೋದರೆ ಎಲ್ಲವೂ ವ್ಯರ್ಥ. ಯು.ಪಿ.ಎಸ್. ಕೊಳ್ಳುವ ಮೊದಲು ಹೀಗೆ ಕಳೆದ ತಂತಿಯ ದುಡ್ಡಿನಲ್ಲಿ ಯು.ಪಿ.ಎಸ್.ಅನ್ನೇ ಕೊಳ್ಳಬಹುದಿತ್ತು. ಮಳೆಗಾಲದಲ್ಲಿ ತಂತಿ ತೇವ ಹೀರಿ, ಮುದ್ರಿಸುವಾಗ ಮಾದರಿಯ ಮೇಲೆ ನೂಲಿನಂಥ ಎಳೆ ಬಿಡುತ್ತದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿ ಕಡ್ಡಾಯ. ಹೊರಗಿನವರು ಒಂದು ಮಾದರಿಗೆ ಹದಿನೈದು ಸಾವಿರದ ಮೇಲೆ ಕೇಳಿದ್ದರು. ನನಗೆ ಸಾಮಗ್ರಿ ಮತ್ತು ವಿದ್ಯುತ್ ಸೇರಿ ಏಳೆಂಟು ನೂರು ಬೀಳುತ್ತದೆ. ಬಡ ರೋಗಿಗಳಿಂದ ಅಷ್ಟನ್ನೇ ಪಡೆಯುತ್ತೇನೆ.

ಅಳತೆ ಸರಿಯಿದೆಯೇ ಎಂಬ ಅನುಮಾನ ತೀರಿಸಲು ಮುದ್ರಿಸಿದ ಬುರುಡೆಯನ್ನೇ ಮತ್ತೆ ಸಿ.ಟಿ.ಗೆ ಹಾಕಿಸಿ ಮೂಲದ ಮೇಲೆ ಕೂರಿಸಿ ನೋಡಿದೆ. ವ್ಯತ್ಯಾಸ ಬಹುತೇಕ ಕಡೆ ಅರ್ಧ ಮಿ.ಮೀ. ಒಳಗೇ ಇತ್ತು. ಇನ್ನೊಮ್ಮೆ ಗಡ್ಡೆಯ ಅಚ್ಚಿಗೆ ಅಗರ್ (ಜೆಲ್ಲಿಯಂತೆ ಗಟ್ಟಿಯಾಗುವ ಪದಾರ್ಥ) ಸುರಿದು, ಗಡ್ಡೆಯನ್ನು ನಳಿಕೆಯಿಂದ ಹೀರಿ ತೆಗೆಯುವ (ಸಕ್ಷನ್) ಅಭ್ಯಾಸಕ್ಕೆ ಕಿರಿಯ ವೈದ್ಯರಿಗೆ ಕೊಟ್ಟೆ. ಗಟ್ಟಿತನ ಇನ್ನೂ ಹದಕ್ಕೆ ಬಂದಿಲ್ಲ, ಆದರೆ ಅವರು ಮತ್ತೆ ಕೇಳುತ್ತಿದ್ದಾರೆ.

ಈಗ ಕೈಯಲ್ಲಿರುವುದು ಕ್ಲೈವಸ್‌ನ (ಬುರುಡೆಯ ತಳದ ನಡುವಿನ ಮೂಳೆಯ) ಕಾರ್ಡೋಮ ಎಂಬ ಗಡ್ಡೆ. ಇದಕ್ಕೆ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳಗಳೂ ಬೇಕು. ಕಾಂಟ್ರಾಸ್ಟ್ ಕೊಟ್ಟು ರಕ್ತನಾಳ ತೋರಿಸುವ ಸಿ.ಟಿ. ಆಂಜಿಯೋದಲ್ಲಿ ನಾಳ ಮೂಳೆಯೊಳಗೆ ಹಾಯುವ ಜಾಗದಲ್ಲಿ ಎರಡೂ ಬೆಳ್ಳಗೆ ಕಾಣುವುದರಿಂದ ಸ್ಲೈಸ್ ಸ್ಲೈಸಿಗೂ ಕೈಯಿಂದ ಗೆರೆ ಎಳೆಯುತ್ತಿದ್ದೇನೆ. ಕಾಂಟ್ರಾಸ್ಟ್ ಕೊಟ್ಟ ಮೇಲಿನ ಚಿತ್ರಗಳಿಂದ ಕೊಡುವ ಮೊದಲಿನ ಚಿತ್ರಗಳನ್ನು ತಂತ್ರಾಂಶದಲ್ಲಿ ಕಳೆದು ನಾಳವನ್ನು ಬೇರ್ಪಡಿಸಿದವರು ಮೈಸೂರು, ಮಂಡ್ಯದ ಕಡೆ ಯಾರಾದರೂ ಇದ್ದರೆ ತಿಳಿಸಿ, ಒಟ್ಟಿಗೆ ಕುಳಿತು ಮಾಡೋಣ.